ಪಾರೆಮಜಲಿಗೆ ಬಂದ ಪಾಂಡವರು

ಸರಕಾರದ ಕಡೆಯವರು ಯಾರಾದರೂ ಬಂದು "ಇದು ಎಷ್ಟು ವರ್ಷದಿಂದ ಉಂಟು?" ಎಂದು ಕೇಳಿದರೆ ಇದ್ದದ್ದಕ್ಕಿಂತ ಹೆಚ್ಚೇ ಹೇಳಬೇಕು. ಪಾರೆಮಜಲಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮೀನಿನ ಮರಿಗೆ ಈಜು ಬಂದಂತೆ ಬರುತ್ತದೆ. ಹೋದ ಮಳೆಗಾಲದ ಮೊದಲು ಕಟ್ಟಿದ ದನದ ಹಟ್ಟಿಗೆ ಇಪ್ಪತ್ತು ವರ್ಷ ಎನ್ನುತ್ತೇವೆ, ಮೊನ್ನೆ ನೆಟ್ಟ ತೆಂಗಿನ ಗಿಡವನ್ನು ಅಜ್ಜ ನೆಟ್ಟದ್ದು ಎನ್ನುತ್ತೇವೆ. ಇದಕ್ಕೆ ಕಾರಣ ಉಂಟು. ಇಲ್ಲಿ ಎಲ್ಲರ ಜಮೀನೂ ಅರ್ಧ ಸ್ವಂತ ಪಟ್ಟೆ, ಅರ್ಧ ಅದಕ್ಕೆ ತಾಗಿದ ಸರಕಾರದ ಕುಮ್ಕಿ. ಸರಕಾರದ ಜಾಗದಲ್ಲಿ ಕೃಷಿ ಮಾಡಿದವನು ಅಕ್ರಮ ಸಕ್ರಮಕ್ಕೆ ಅರ್ಜಿ ಹಾಕಿದಾಗ, ಎಷ್ಟು ಹಿಂದಿನಿಂದ ಅಲ್ಲಿ ಕೂತಿದ್ದೇನೆ ಎಂದು ತೋರಿಸುತ್ತಾನೋ ಅಷ್ಟು ಅವನ ಹಕ್ಕು ಗಟ್ಟಿ. ಹಳತಾದಷ್ಟು ಒಳ್ಳೆಯದು. ನಮ್ಮ ದುಗ್ಗಪ್ಪ ಗೌಡರು ಐವತ್ತೆಂಟು ವರ್ಷ ಈ ಒಂದು ಸೂತ್ರ ಹಿಡಿದು ಬದುಕಿದವರು. ಊರಿಗೆ ಬರಬೇಕಿದ್ದ ಟವರನ್ನು ಓಡಿಸಿದ್ದೂ ಅದೇ ಸೂತ್ರದಿಂದ.

ಹಾಗೆಂದು ಗೌಡರು ಸುಳ್ಳುಗಾರರಲ್ಲ. ಕೇಳಿದವರಿಗೆ ಬೇಸರವಾಗಬಾರದು ಎಂದು ಉತ್ತರ ಕೊಡುವವರು, ಅಷ್ಟೇ.

ಸುಳ್ಯ ತಾಲೂಕು ಮುಗಿದು ಕಡಬ ತಾಲೂಕು ಶುರುವಾಗುವಲ್ಲಿ, ಎರಡೂ ಕಡೆಯವರು "ಅದು ಆಚೆಯವರದ್ದು" ಎನ್ನುವ ಜಾಗದಲ್ಲಿ ಪಾರೆಮಜಲು ಉಂಟು. ಫೋನುಗಳು ಎಲ್ಲರ ಕೈಯಲ್ಲೂ ಉಂಟು. ಗಂಟೆ ನೋಡಲಿಕ್ಕೆ, ಹಟ್ಟಿಗೆ ಹೋಗುವಾಗ ಟಾರ್ಚಿಗೆ. ಮಾತಾಡಬೇಕಾದರೆ ಗೌಡರ ಮನೆಯ ಮೇಲಿನ ಮುರಕಲ್ಲಿನ ಪಾರೆ, ಅಂದರೆ ಬೋಳು ಕಲ್ಲುಗುಡ್ಡ, ಹತ್ತಿ ಅಲ್ಲಿರುವ ಒಂಟಿ ಗೇರುಮರದ ಅಡಿಯಲ್ಲಿ ಸಂಪಾಜೆ ಕಡೆಗೆ ಮುಖ ಮಾಡಿ ನಿಲ್ಲಬೇಕು. ಅಲ್ಲಿ ಒಬ್ಬರಿಗೆ ಮಾತ್ರ ಸಿಗ್ನಲ್ ಸಿಗುವುದರಿಂದ ಸಾಲು ನಿಲ್ಲುವುದುಂಟು. ಸಾವಿನ ಸುದ್ದಿಯವರಿಗೆ ಮೊದಲು ಜಾಗ ಬಿಡುತ್ತೇವೆ, ಮದುವೆ ಸುದ್ದಿಯವರು ಕಾಯಬೇಕು. ಅಷ್ಟು ನಾಗರಿಕತೆ ನಮ್ಮಲ್ಲಿಯೂ ಉಂಟು.

ಟವರ್ ಬರುತ್ತದೆ ಎಂಬ ಸುದ್ದಿ ಬಂದದ್ದೂ, ಗೌಡರ ಮಗಳು ಪ್ರಣೀತಾ ಬಸುರಿ ಎಂಬ ಸುದ್ದಿ ಬಂದದ್ದೂ ಆ ಗೇರುಮರದ ಅಡಿಗೇ. ಪ್ರಣೀತಾಳನ್ನು ಪುತ್ತೂರಿನ ದರ್ಬೆಗೆ ಕೊಟ್ಟದ್ದು. ಚೊಚ್ಚಲು ಹೆರಿಗೆಗೆ ಮಗಳು ತಾಯಿಮನೆಗೆ ಬರಬೇಕು, ಅದು ಕ್ರಮ. ಗೌಡರ ಹೆಂಡತಿ ಪೂವಮ್ಮ ಸುದ್ದಿ ಕೇಳಿದ ದಿನದಿಂದಲೇ ಬಾಳಂತನಕ್ಕೆ ತಯಾರಿ ಶುರು ಮಾಡಿದರು. ಬಚ್ಚಲಿನ ಹಂಡೆಗೆ ಕಲಾಯಿ ಆಯಿತು. ಒಳ್ಳೆಯ ಕರಿಮೆಣಸು ಮಾರಾಟಕ್ಕೆ ಹೋಗದೆ ಭರಣಿ ಸೇರಿತು. ಸಾಕಿದ ಊರಕೋಳಿಗಳನ್ನು ನೆಂಟರು ಬಂದರೂ ಕೊಯ್ಯಲಿಲ್ಲ. ಗೌಡರಿಗೆ ಆ ತಿಂಗಳುಗಳಲ್ಲಿ ಸಿಕ್ಕಿದ್ದು ಬರೀ ಬಸಳೆ ಸಾರು.

ಆದರೆ ದರ್ಬೆಯಲ್ಲಿ ಸೀಮಂತದ ಊಟ ಮುಗಿದು ಎಲೆ ಅಡಿಕೆ ಹಾಕುವಾಗ ಬೀಗಿತ್ತಿ ಹರಿಣಾಕ್ಷಿ ಮೆಲ್ಲನೆ ವಿಷಯ ತೆಗೆದರು.

"ಪೂವಮ್ಮಕ್ಕ, ಬೇಸರ ಮಾಡಬೇಡಿ. ನಿಮ್ಮಲ್ಲಿಗೆ ಕಳಿಸುದು ಅಂದರೆ ನಮಗೂ ಖುಷಿಯೇ. ಆದರೆ ಮಳೆಗಾಲ. ಹೊತ್ತಲ್ಲದ ಹೊತ್ತಿಗೆ ನೋವು ಶುರುವಾದರೆ ಎಂತ ಮಾಡುದು? ಗೇರುಮರದ ಅಡಿಗೆ ಓಡುದಾ?"

"ಆದಂ ಕುಂಞಿಯ ಜೀಪು ಉಂಟಲ್ಲ ಅಕ್ಕ."

"ಜೀಪು ಉಂಟು. ಜೀಪಿಗೆ ಹೇಳುದು ಹೇಗೆ?"

ಆದಂ ಕುಂಞಿಯ ಮನೆ ಹೊಳೆಯ ಆಚೆ. ಬೇಸಿಗೆಯಲ್ಲಿ ಕೂ ಹಾಕಿದರೆ ಕೇಳುತ್ತದೆ. ಮಳೆಗಾಲದಲ್ಲಿ ಹೊಳೆಯೇ ಕೂ ಹಾಕುತ್ತಿರುತ್ತದೆ.

"ಟವರ್ ಆಗ್ತದಂತಲ್ಲ. ಆಗಲಿ," ಎಂದರು ಹರಿಣಾಕ್ಷಿ. "ಆದ ದಿನ ನಾನೇ ಕಾರಿನಲ್ಲಿ ತಂದು ಬಿಡ್ತೇನೆ. ಇದು ನನ್ನ ಮಾತು."

ಅಲ್ಲಿಂದ ಪೂವಮ್ಮನವರಿಗೆ ಟವರ್ ಎಂದರೆ ಕಬ್ಬಿಣದ ಕಂಬ ಅಲ್ಲ, ಮಗಳು.

ಗೌಡರಿಗೆ ಆ ಸೀಮಂತದಲ್ಲಿ ಬೇರೆಯೇ ಒಂದು ಮುಳ್ಳು ತಾಗಿತ್ತು. ಹರಿಣಾಕ್ಷಿಯವರ ಅಣ್ಣ ತನ್ನ ಕುಟುಂಬದ ಹಿರಿಯರು ಯಾವ ಯಾವ ಗುತ್ತಿನ ದೊಡ್ಡ ಮನೆಯಲ್ಲಿ ಯಾವ ಮಣೆಯಲ್ಲಿ ಕೂರುತ್ತಿದ್ದರು ಎಂದು ಪಾಯಸ ಬರುವವರೆಗೆ ವಿವರಿಸಿ, ಕೊನೆಗೆ, "ನಿಮ್ಮ ತಂದೆಯವರು ಎಂತ ಮಾಡ್ತಿದ್ದರು ಭಾವ?" ಎಂದು ಕೇಳಿದ್ದರು. ಗೌಡರು ತುಂಬ ಯೋಚಿಸಿ, "ಗೇರು ಕೃಷಿ," ಎಂದರು.

ಸುಳ್ಳಲ್ಲ. ಗೌಡರ ತಂದೆ ಕುಶಾಲಪ್ಪಜ್ಜ ಗೇರುಬೀಜವನ್ನು ಮಾರುತ್ತಿದ್ದರು. ಹಣ್ಣನ್ನು ಬಟ್ಟಿ ಇಳಿಸುತ್ತಿದ್ದರು. ಹಣ್ಣಿಲ್ಲದ ಕಾಲದಲ್ಲಿ ಬೆಲ್ಲ ಕೊಳೆಸಿ ಇಳಿಸುತ್ತಿದ್ದರು. ಪಂಜದಿಂದ ಪೆರಾಬೆಯವರೆಗೆ ಅವರ ಗಂಗಸರಕ್ಕೆ ಹೆಸರಿತ್ತು. ನೀರು ಬೆರೆಸದ ಪ್ರಾಮಾಣಿಕ ಕಳ್ಳಭಟ್ಟಿ. ಎಷ್ಟೋ ಸಲ ಅಬಕಾರಿಯವರು ಬಂದು ಹುಡುಕಿ, ಬಾಯಾರಿ, ಮಜ್ಜಿಗೆ ಕುಡಿದು ಹೋಗಿದ್ದರು. ಬಟ್ಟಿ ಮಾತ್ರ ಸಿಗಲಿಲ್ಲ. ಅದು ಪಾರೆಯ ಹೊಟ್ಟೆಯೊಳಗೆ ಇತ್ತು. ಕುಶಾಲಪ್ಪಜ್ಜ ಚಿಕ್ಕಂದಿನಲ್ಲಿ ದನ ಕಾಯುವಾಗ ಪಕ್ಕದ ಊರಿನ ಗುಡ್ಡದಲ್ಲಿ ಪಾಂಡವರ ಗುಹೆ ಎಂದು ಹೇಳುವ ಒಂದನ್ನು ನೋಡಿದ್ದರು. ಮೇಲೆ ದುಂಡನೆಯ ಬಾಯಿ, ಅದಕ್ಕೆ ಕಲ್ಲಿನ ಮುಚ್ಚಳ, ಒಳಗೆ ಕವುಚಿ ಹಾಕಿದ ಬಾಣಲೆಯಂಥ ಕೋಣೆ. ತಮ್ಮ ಪಾರೆಯಲ್ಲಿ ಅದೇ ಅಳತೆಗೆ ಇನ್ನೊಂದು ಕೊರೆದರು. ಯಾರಾದರೂ ಕಂಡುಹಿಡಿದರೂ "ಓ, ಪಾಂಡವರದ್ದು" ಎಂದು ಕೈಮುಗಿದು ಹೋಗಬೇಕು, ಅದು ಅಜ್ಜನ ಲೆಕ್ಕ. ಅಬಕಾರಿಯವರಿಗಾಗಿ ಮಾಡಿದ ಆ ಲೆಕ್ಕ ಅಜ್ಜ ಸತ್ತ ಮೇಲೆ ಬೇರೆ ಇಲಾಖೆಯಲ್ಲಿ ಫಲ ಕೊಟ್ಟಿತು.

ಟವರ್ ಕಂಪೆನಿಯ ಸುಜಯ್ ಎಂಬ ಹುಡುಗ ಮೊದಲೇ ಬಂದು ಹೇಳಿ ಹೋಗಿದ್ದ: "ಗೌಡ್ರೆ, ನಿಮ್ಮ ಪಾರೆಯ ಜಾಗ ಪಾಸಾಗಿದೆ. ಆದರೆ ಕಂಪೆನಿ ಇನ್ನೊಂದು ಕಡೆ ಗುಂಡಿ ತೆಗೆಯುವಾಗ ಹಳೆ ಕಾಲದ ಸಮಾಧಿ ಒಡೆದು ದೊಡ್ಡ ಗಲಾಟೆ ಆಯ್ತು. ಹಾಗಾಗಿ ಈಗ ಮುರಕಲ್ಲಿನ ಗುಡ್ಡ ಅಂದರೆ ಮೊದಲು ಒಂದು ಸರ್ವೆ. ಒಬ್ಬರು ಸಾರ್ ಬರ್ತಾರೆ. ಕೇಳಿದ್ದಕ್ಕೆ ಉತ್ತರ ಕೊಡಿ, ಮುಗೀತು."

ಗೌಡರು ಕೊನೆಯ ವಾಕ್ಯವನ್ನು ಮಾತ್ರ ಕೇಳಿಸಿಕೊಂಡರು. ಸರ್ವೆ ಎಂದರೆ ಅವರಿಗೆ ಗೊತ್ತಿಲ್ಲದ್ದಾ? ಚೈನು ಹಿಡಿಯುತ್ತಾರೆ, ಕಲ್ಲು ಹುಡುಕುತ್ತಾರೆ, ಊಟ ಮಾಡಿ ಹೋಗುತ್ತಾರೆ.

ಬಂದ ಸಾರ್ ಹೆಸರು ಶ್ರೀಶ. ಪುರಾತತ್ತ್ವ ಇಲಾಖೆಯ ಪುತ್ತೂರಿನ ಆಫೀಸಿನವರು. ತೆಳ್ಳಗಿನ, ಬೆಳ್ಳಗಿನ, ಕಲ್ಲಿನ ಮೇಲೆ ಕಾಲಿಡುವಾಗಲೂ ಕಲ್ಲಿಗೆ ನೋವಾದೀತು ಎಂಬಂತೆ ಇಡುವ ಮನುಷ್ಯ. ಚೈನು ತಂದಿರಲಿಲ್ಲ, ಒಂದು ಬ್ರಷ್ ತಂದಿದ್ದರು. ಪಾರೆಯನ್ನು ಗುಡಿಸುತ್ತಾ ಗುಡಿಸುತ್ತಾ ಹೋದವರು ಒಂದು ಕಡೆ ಕೂತುಬಿಟ್ಟರು. ಮಣ್ಣು, ತರಗೆಲೆ ಸರಿಸಿದಾಗ ದುಂಡನೆಯ ಕಲ್ಲಿನ ಮುಚ್ಚಳ ಕಂಡಿತು. ಸುಜಯ್ ಮತ್ತು ಗೌಡರು ಸೇರಿ ಅದನ್ನು ಸರಿಸಬೇಕಾಯಿತು. ಶ್ರೀಶರು ಟಾರ್ಚು ಹಿಡಿದು ಒಳಗೆ ಇಳಿದರು. ಹೊರಗೆ ಬಂದಾಗ ತಲೆ ತುಂಬ ಜೇಡನ ಬಲೆ, ಮುಖ ಮಾತ್ರ ಮದುಮಗನದ್ದು.

"ಗೌಡ್ರೆ, ಒಳಗೆ ಮಡಕೆಗಳಿವೆ. ಒಂದೆಡೆ ಕೆಂಪು, ಒಂದೆಡೆ ಕಪ್ಪು, ಹಳೆ ಕಾಲದ ಸಮಾಧಿಗಳಲ್ಲಿ ಸಿಗುವ ಹಾಗಿನದ್ದೇ. ಇದು ಯಾರು ಮಾಡಿದ್ದು ಅಂತ ಗೊತ್ತುಂಟಾ?"

ಕಪ್ಪಾದದ್ದು ಒಲೆಯ ಮೇಲೆ ಇಟ್ಟದ್ದರಿಂದ. ಅದನ್ನು ಹೇಳುವುದು ಹೇಗೆ? ಅಪ್ಪನ ಹೆಸರು ಹೇಳಿದರೆ ಕೇಸು. ಕೇಸಾದ ಜಾಗದಲ್ಲಿ ಟವರ್ ಹಾಕುತ್ತಾರಾ? ದರ್ಬೆಯವರ ಕಿವಿಗೆ ಬಿದ್ದರೆ ಗೇರು ಕೃಷಿಯ ಗತಿ ಏನು? ಗೌಡರು, "ಅದು ಹಿಂದಿನವರದ್ದು," ಎಂದರು.

"ಎಷ್ಟು ಹಿಂದಿನವರದ್ದು?"

ಸೂತ್ರ ಎದ್ದು ನಿಂತಿತು.

"ನನ್ನ ಅಜ್ಜನ ಅಜ್ಜನ ಕಾಲದಲ್ಲಿಯೂ ಇತ್ತಂತೆ ಸಾರ್."

ಶ್ರೀಶರ ಕಣ್ಣು ಹೊಳೆಯಿತು. ಗೌಡರು ಎಷ್ಟೋ ಗ್ರಾಮಕರಣಿಕರಿಗೆ ಎಷ್ಟೋ ವರ್ಷಗಳನ್ನು ಹೇಳಿದ್ದರು. ಯಾರ ಕಣ್ಣೂ ಹೀಗೆ ಹೊಳೆದಿರಲಿಲ್ಲ. ಕೇಳುವವನಿಗೆ ಇಷ್ಟು ಖುಷಿಯಾಗುವುದಾದರೆ ಹೇಳುವವನು ಕಂಜೂಸಿ ಮಾಡಬಾರದು.

"ಪಾಂಡವರು ಮಾಡಿದ್ದು ಅಂತ ಹೇಳುದು."

ಶ್ರೀಶರ ಬೆನ್ನ ಹಿಂದಿನಿಂದ ಸುಜಯ್ ಎರಡೂ ಕೈ ಅಲ್ಲಾಡಿಸಿದ. ಗೌಡರಿಗೆ ಅದು, ಇನ್ನೂ ಹೇಳಿ, ಇನ್ನೂ ಹೇಳಿ, ಎಂದಂತೆ ಕಂಡಿತು.

"ಒಂದೇನಾ, ಇನ್ನೂ ಉಂಟಾ ಗೌಡ್ರೆ?"

"ಒಂದಾ? ಇಡೀ ಪಾರೆ ಪೊಳ್ಳು ಸಾರ್. ಎಲ್ಲಿ ಬೇಕಾದರೂ ಅಗೆದು ನೋಡಿ."

ಸುಜಯ್ ಪಾರೆಯ ಮೇಲೆ ಕುಳಿತುಕೊಂಡ. ಬಿಸಿಲಿಗೆ ಕಾದ ಕಲ್ಲು. ಏಳಲಿಲ್ಲ.

ಮುಂದಿನ ವಾರ ಪಾರೆಗೆ ಸುತ್ತ ತಂತಿಬೇಲಿ ಬಂತು. ಒಂದು ಬೋರ್ಡು ಬಂತು: ತೀರ್ಮಾನ ಆಗುವವರೆಗೆ ಯಾರೂ ಏನೂ ಅಗೆಯಬಾರದು, ಕಟ್ಟಬಾರದು, ಪ್ರವೇಶಿಸಬಾರದು. ಗೇರುಮರವೂ ಬೇಲಿಯ ಒಳಗೇ ಸೇರಿತು. ಈಗ ಸಾವಿನ ಸುದ್ದಿಯವರೂ ಹೊರಗೆ, ಮದುವೆ ಸುದ್ದಿಯವರೂ ಹೊರಗೆ. ಇದ್ದ ಒಂದು ಸಿಗ್ನಲ್ಲನ್ನು ಪಾಂಡವರಿಗೆ ಬಿಟ್ಟುಕೊಟ್ಟಂತಾಯಿತು.

ಪೇಪರಿನಲ್ಲಿ ಗೌಡರ ಫೋಟೋ ಬಂತು. ಗುಹೆಯ ಬಾಯಿಯ ಪಕ್ಕ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಸತ್ತ ಆನೆಯ ಪಕ್ಕ ನಿಂತ ಬೇಟೆಗಾರನ ಹಾಗೆ. ಆ ಫೋಟೋ ದರ್ಬೆ ಮುಟ್ಟಿದ್ದೇ ತಡ, ಹರಿಣಾಕ್ಷಿ, ಅವರ ಅಣ್ಣ, ಅಣ್ಣನ ಹೆಂಡತಿ ಕಾರಿನಲ್ಲಿ ಬಂದಿಳಿದರು.

"ಭಾವ, ನೀವು ಒಂದು ಮಾತು ಹೇಳಬಾರದಾ?" ಎಂದರು ಅಣ್ಣ. "ನಾವು ಮುನ್ನೂರು ವರ್ಷ ಅಂತ ಹೇಳಿಕೊಂಡು ತಿರುಗಿದ್ದು. ನಿಮ್ಮದು ಮಹಾಭಾರತಕ್ಕೆ ಹೋಗ್ತದೆ."

"ಹೇಳಿಕೊಳ್ಳುದು ನಮಗೆ ಅಭ್ಯಾಸ ಇಲ್ಲ," ಎಂದರು ಗೌಡರು.

ಒಳಗೆ ಪೂವಮ್ಮ ಬೀಗಿತ್ತಿಗೆ ಕಾಫಿ ಕೊಟ್ಟು ಪಕ್ಕದಲ್ಲಿ ಕುಳಿತರು. "ಅಕ್ಕ, ಈಗ ಪ್ರಣೀತಾಳನ್ನು ಕಳಿಸಬಹುದಲ್ಲ?"

"ಇಷ್ಟು ದೊಡ್ಡ ಮನೆತನಕ್ಕೆ ಕಳಿಸದೆ ಇರುದಾ?" ಎಂದರು ಹರಿಣಾಕ್ಷಿ. "ಟವರ್ ಒಂದು ಬೇಗ ಆಗಲಿ."

"ಗುಹೆ ಸಿಕ್ಕಿದ ಮೇಲೆ ಟವರ್ ಇಲ್ಲ ಅಂತೆ."

"ಓ," ಎಂದು ಹರಿಣಾಕ್ಷಿ ಕಾಫಿಯ ಕೆನೆ ಬದಿಗೆ ಸರಿಸಿದರು. "ಎರಡೂ ಬೇಕು ಅಂದರೆ ದೇವರು ಕೊಡುದಿಲ್ಲ ಪೂವಮ್ಮಕ್ಕ."

ಊರಿನವರ ಮಾತು ಅಷ್ಟು ನಯವಾಗಿರಲಿಲ್ಲ. ಹೊಳೆಯ ಆಚೆ ಬದಿಯಲ್ಲಿ ಆದಂ ಕುಂಞಿಯ ಹೆಂಡತಿ ಆಸ್ಯಮ್ಮನ ಚಾದಂಗಡಿ. ಗೌಡರು ಬೀಡಿಗೆ ಹೋದಾಗ ಆದಂ ಕುಂಞಿ ಜೀಪಿನ ಬಾನೆಟ್ ಒರೆಸುತ್ತಾ ಶುರು ಮಾಡಿದ.

"ದುಗ್ಗಪ್ಪಣ್ಣ, ಒಂದು ಸಂಶಯ. ಈ ಪಾಂಡವರು ಬೆಲ್ಲ ಎಲ್ಲಿಂದ ತರ್ತಿದ್ದರು?"

"ಎಂತ ಬೆಲ್ಲ?"

"ನನ್ನ ಬಾಪ ತಲೆಹೊರೆಯಲ್ಲಿ ಆ ಪಾರೆಗೆ ಬೆಲ್ಲ ಹೊತ್ತದ್ದು ಉಂಟಲ್ಲ. ಭೀಮನಿಗಾ ಅದು?"

ಚಾ ಕುಡಿಯುತ್ತಿದ್ದವರು ನಕ್ಕರು. ಆಸ್ಯಮ್ಮ ನಗಲಿಲ್ಲ. ಪಡಿತರದ ಹೆಬ್ಬೆಟ್ಟು ಒತ್ತಲಿಕ್ಕೆ ಸಿಗ್ನಲ್ ಇರುವ ಊರಿಗೆ ಹೋಗಿ ಬರುವುದರಲ್ಲಿ ಆಕೆಯ ಒಂದು ದಿನ ಹೋಗುತ್ತಿತ್ತು. "ನಗುದು ಎಂತ?" ಎಂದಳು. "ಗೌಡ್ರಿಗೆ ಅಜ್ಜಂದಿರು ಸಿಕ್ಕಿದರು. ನಮ್ಮ ಅಕ್ಕಿ ಹೋಯ್ತು."

ಗೌಡರು ಬೀಡಿ ತೆಗೆದುಕೊಳ್ಳದೆ ಮನೆಗೆ ಬಂದರು. ಮನೆಯಲ್ಲಿ ಪೂವಮ್ಮ ಕಾಯುತ್ತಿದ್ದರು.

"ನೀವು ಪುತ್ತೂರಿಗೆ ಹೋಗಿ ಆ ಸಾರಿಗೆ ಇದ್ದದ್ದು ಇದ್ದ ಹಾಗೆ ಹೇಳಿ."

"ಎಂತ ಹೇಳುದು? ನಮ್ಮ ಅಪ್ಪ ಕಳ್ಳಭಟ್ಟಿ ಇಳಿಸ್ತಿದ್ದರು ಅಂತಲಾ?"

"ಹೌದು. ಇಳಿಸ್ತಿದ್ದರು. ಕೊಲೆ ಮಾಡಲಿಲ್ಲವಲ್ಲ."

"ದರ್ಬೆಯವರು ಎಂತ ಹೇಳಿಯಾರು?"

"ದರ್ಬೆಯವರು ಈಗ ಹೇಳಿದ್ದು ಸಾಕಲ್ಲ ನಿಮಗೆ. ಶಾಲಿನಲ್ಲಿ ಸುತ್ತಿ ಹೊಡೆದ ಹಾಗೆ ಹೇಳಿದ್ದಾರೆ." ಪೂವಮ್ಮ ಸೆರಗು ಸಿಕ್ಕಿಸಿದರು. "ನನಗೆ ಮಗಳು ಬರಬೇಕು. ಮಗಳ ಬದಲು ನಿಮ್ಮ ಮಾನವನ್ನೇ ಕೂರಿಸಿ ಮೀಯಿಸಿ, ಮದ್ದು ಕೊಡಿ."

ಒಬ್ಬರೇ ಹೋಗಿ ಹೇಳಿದರೆ ಸಾಕಾಗದು, ಸಾಕ್ಷಿ ಬೇಕು ಎಂದು ಗೌಡರಿಗೆ ಹೊಳೆಯಿತು. ಸಾಕ್ಷಿ ಎಂದರೆ ಸುಂದರ. ಅಜ್ಜನ ಕಾಲದಲ್ಲಿ ಬಟ್ಟಿಗೆ ಬೆಂಕಿ ಹಾಕುತ್ತಿದ್ದವನು, ಈಗ ಹಲ್ಲಿಲ್ಲದ ಮುದುಕ. ಜಗಲಿಯಲ್ಲಿ ಕೂತು ಅಡಿಕೆ ಕುಟ್ಟುತ್ತಿದ್ದ.

"ಸುಂದರಣ್ಣ, ಅಪ್ಪನ ಬಟ್ಟಿ ನೆನಪುಂಟಾ?"

"ಯಾರ ಅಪ್ಪ?"

"ನನ್ನ ಅಪ್ಪ ಮಾರಾಯ. ಕುಶಾಲಪ್ಪ ಗೌಡರು."

"ದೇವರಂಥ ಮನುಷ್ಯ."

"ದೇವರು ಇರಲಿ. ಬಟ್ಟಿ?"

ಸುಂದರ ಕುಟ್ಟುವುದನ್ನು ನಿಲ್ಲಿಸಿ ಬೇಲಿಯ ಆಚೆ ಈಚೆ ನೋಡಿದ. "ಅಬಕಾರಿಯವರು ಬಂದಿದ್ದಾರಾ?"

"ಇಲ್ಲ. ಇದು ಟವರಿನ ವಿಷಯ. ನೀನು ಬಂದು ಹೌದು ಅಂತ ಹೇಳಿದರೆ ಸಾಕು."

"ನನ್ನಲ್ಲಿ ಹೌದು ಹೇಳಿಸಲಿಕ್ಕೆ ಅವರು ಆಗ ಹೊಡೆದದ್ದು ಇನ್ನೂ ಮಳೆ ಬಂದರೆ ನೋವಾಗ್ತದೆ. ಆಗ ಹೇಳಲಿಲ್ಲ. ಈಗ ಟವರಿಗೆ ಹೇಳುದಾ? ನಿಮ್ಮ ಅಪ್ಪನಿಗೆ ಮಾತು ಕೊಟ್ಟದ್ದುಂಟು ಗೌಡ್ರೆ. ನಾನು ಆ ಪಾರೆ ಹತ್ತಿದವನೇ ಅಲ್ಲ."

ಇಡೀ ಊರಿನಲ್ಲಿ ಇದ್ದ ಒಬ್ಬ ನಂಬಿಗಸ್ಥ ಹೀಗೆ ಕೆಲಸ ಕೆಡಿಸಿದ.

ಗೌಡರು ಒಬ್ಬರೇ ಪುತ್ತೂರಿಗೆ ಹೋದರು. ಶ್ರೀಶರು ಎದ್ದು ನಿಂತು ಕುರ್ಚಿ ಕೊಟ್ಟರು. ಸರಕಾರಿ ಆಫೀಸಿನಲ್ಲಿ ಕುರ್ಚಿ ಸಿಕ್ಕಿದ್ದು ಗೌಡರಿಗೆ ಅದೇ ಮೊದಲು. ಅದರಿಂದಲೇ ಅರ್ಧ ಧೈರ್ಯ ಹೋಯಿತು. ಆದರೂ ಹೇಳಿದರು. ಅಪ್ಪ, ಗೇರುಹಣ್ಣು, ಗುಹೆಯನ್ನು ನೋಡಿ ಗುಹೆ ಕೊರೆದದ್ದು, ಎಲ್ಲ.

ಶ್ರೀಶರು ಪ್ರೀತಿಯಿಂದ ಕೇಳಿಸಿಕೊಂಡರು. "ಗೌಡ್ರೆ, ನಿಮ್ಮ ಮೇಲೆ ಊರಿನವರ ಒತ್ತಡ ಉಂಟು ಅಂತ ನನಗೆ ಗೊತ್ತು. ಟವರ್ ಬೇಕು ಅಂತ ಜನ ಏನೇನೋ ಹೇಳ್ತಾರೆ. ಒಬ್ಬರು ತಮ್ಮ ಜಾಗದ ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲು ಅಂದಿದ್ದರು."

"ಇದು ನಿಜ ಸಾರ್."

"ಹಾಗಾದರೆ ನಿಮ್ಮ ತಂದೆಯ ಮೇಲೆ ಕೇಸು ಏನಾದರೂ ಆಗಿತ್ತಾ? ಅಬಕಾರಿಯವರು ಅಲ್ಲಿ ಹಿಡಿದದ್ದು, ದಂಡ ಹಾಕಿದ್ದು, ಅಂಥ ಒಂದು ಆಧಾರ ಇದ್ದರೆ ನಾನು ಮೇಲಿನವರಿಗೆ ತೋರಿಸ್ತೇನೆ."

"ಅಪ್ಪ ಒಮ್ಮೆಯೂ ಸಿಕ್ಕಿಬೀಳಲಿಲ್ಲ ಸಾರ್," ಎಂದರು ಗೌಡರು. ಬದುಕಿನುದ್ದಕ್ಕೂ ಒಳಗೊಳಗೇ ಹೆಮ್ಮೆಪಟ್ಟ ಮಾತನ್ನು ಆ ದಿನ ತಲೆ ತಗ್ಗಿಸಿ ಹೇಳಬೇಕಾಯಿತು.

"ನೋಡಿ, ನಮ್ಮ ಹಿರಿಯ ಅಧಿಕಾರಿ ನಿಮ್ಮೂರಿಗೇ ಬರ್ತಿದ್ದಾರೆ. ಶಾಲೆಯಲ್ಲಿ ಸಭೆ. ಜಾಗ ಉಳಿಸಿದ್ದಕ್ಕೆ ನಿಮಗೊಂದು ಸನ್ಮಾನವೂ ಉಂಟು. ಅಲ್ಲಿ ಎಲ್ಲರೆದುರು ಹೇಳಿ. ನಿಮ್ಮ ಮಾತು ದಾಖಲಾಗ್ತದೆ. ಅವರು ಒಪ್ಪಿದರೆ ಅಲ್ಲಿಗೇ ಬೇಲಿ ತೆಗೆಸಬಹುದು."

ಮನೆಗೆ ಬಂದು ಗೌಡರು ಪೂವಮ್ಮನಿಗೆ ಮಾತು ಕೊಟ್ಟರು. ಸಭೆಯಲ್ಲಿ ಹೇಳುತ್ತೇನೆ ಎಂದರು. ದೈವದ ಹೆಸರಿನಲ್ಲಿ ಹೇಳಿದರು. ಪೂವಮ್ಮ ಆ ದಿನ ಒಂದು ಕೋಳಿ ಕೊಯ್ದರು.

ಸನ್ಮಾನ ಎಂದರೆ ನಮ್ಮ ಜಿಲ್ಲೆಯಲ್ಲಿ ಸಣ್ಣ ವಿಷಯ ಅಲ್ಲ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಯಾರೂ ಗೋಡೆಗೆ ಹಾಕದ ಸ್ಮರಣಿಕೆ, ಸನ್ಮಾನಿತರ ಬಗ್ಗೆ ಅವರಿಗೇ ಗೊತ್ತಿಲ್ಲದ ಸಂಗತಿಗಳನ್ನು ಓದುವ ಒಬ್ಬ ಮಾಸ್ತರರು. ದರ್ಬೆಯಿಂದ ಎರಡು ಕಾರು ಬಂದವು. ಎರಡನೆಯದರಲ್ಲಿ ಪ್ರಣೀತಾ ಇದ್ದಳು. ತುಂಬಿದ ಹೊಟ್ಟೆ ಹಿಡಿದುಕೊಂಡು ಇಳಿದು, ಅಮ್ಮನ ಕೈ ಹಿಡಿದು, "ಹಂಡೆಗೆ ಕಲಾಯಿ ಹಾಕಿಸಿದ್ದೀಯಂತೆ," ಎಂದು ನಕ್ಕಳು. ಪೂವಮ್ಮ ಮಗಳನ್ನು ಎದುರಿನ ಸಾಲಿನಲ್ಲಿ ಹರಿಣಾಕ್ಷಿಯ ಪಕ್ಕ ಕೂರಿಸಿ, ತಾವು ಹಿಂದಿನ ಬೆಂಚಿನಲ್ಲಿ ಆಸ್ಯಮ್ಮನ ಜೊತೆ ಕುಳಿತರು. ಗಂಡನನ್ನೇ ನೋಡುತ್ತಾ.

ಗೌಡರಿಗೆ ಶಾಲು ಹೊದೆಸಿದರು. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತು. ಮೈಕು ಕೊಟ್ಟರು. ಎದುರಿಗೆ ಹಿರಿಯ ಅಧಿಕಾರಿ, ಶ್ರೀಶರು, ಬೀಗರು, ಇಡೀ ಊರು.

"ನಾನು ಒಂದು ಸತ್ಯ ಹೇಳಬೇಕು," ಎಂದರು ಗೌಡರು.

ಆಸ್ಯಮ್ಮ ಪೂವಮ್ಮನ ಮೊಣಕೈ ಹಿಡಿದಳು.

"ಆ ಗುಹೆ ಪಾಂಡವರದ್ದು ಅಂತ ನಾನು ಹೇಳಿದ್ದು. ಅದು ಸರಿಯಲ್ಲ." ಗೌಡರು ಹರಿಣಾಕ್ಷಿಯವರ ಅಣ್ಣನನ್ನು ನೋಡಿದರು. ಅಣ್ಣ ಗಂಭೀರವಾಗಿ ತಲೆಯಾಡಿಸಿದರು. ಗೌಡರು ಪೇಟವನ್ನು ಹುಬ್ಬಿನಿಂದ ಮೇಲಕ್ಕೆ ಸರಿಸಿದರು. "ಪಾಂಡವರು ಬಂದು ಉಳಕೊಂಡದ್ದು ಮಾತ್ರ. ಅದಕ್ಕೂ ಮೊದಲು ಅದು ನಮ್ಮ ಕುಟುಂಬದ್ದೇ ಆಗಿತ್ತು."

ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆ ಹಿಂದಿನ ಬೆಂಚಿನಲ್ಲಿ ಪೂವಮ್ಮ ಎದ್ದು ನಿಂತದ್ದು ಮೊದಲು ಯಾರಿಗೂ ಕಾಣಲಿಲ್ಲ. ಅವರು ಅಲ್ಲಿಂದ ನಡೆದು ಮುಂದೆ ಬಂದರು. ಮೈಕು ಮುಟ್ಟಲಿಲ್ಲ. ಹೊಳೆಯಾಚೆಗೆ ಕೂ ಹಾಕಿ ಅಭ್ಯಾಸ ಇರುವ ಗಂಟಲು.

"ಸ್ವಾಮಿ, ಅದು ಪಾಂಡವರದ್ದೂ ಅಲ್ಲ, ಯಾರದ್ದೂ ಅಲ್ಲ. ನನ್ನ ಮಾವನ ಬಟ್ಟಿ. ಸಾರಾಯಿ ಇಳಿಸುದು. ನಾನು ಮದುವೆಯಾಗಿ ಬಂದ ವರ್ಷ ಅಲ್ಲಿಗೆ ಬೆಲ್ಲ ಹೊತ್ತಿದ್ದೇನೆ. ಒಳಗೆ ಬಾಯಿ ಒಡೆದ ಒಂದು ಮಡಕೆ ಉಂಟಲ್ಲ, ಅದು ನನ್ನ ಕೈಯಿಂದ ಬಿದ್ದದ್ದು. ಮಾವ ಬೈದರು. ಸುಂದರಣ್ಣ ಇಲ್ಲಿಯೇ ಇದ್ದಾನೆ, ಕೇಳಿ."

ಸುಂದರ ಆಗಲೇ ಶಾಲೆಯ ಗೇಟು ದಾಟಿದ್ದ.

ಆದಂ ಕುಂಞಿ ಕೂಡ ನಗಲಿಲ್ಲ. ಹಿರಿಯ ಅಧಿಕಾರಿಗಳು ಕನ್ನಡಕ ತೆಗೆದು ಒರೆಸಿ, ಬಹಳ ಮರ್ಯಾದೆಯಿಂದ ಹೇಳಿದರು: "ಅಮ್ಮ, ನೀವು ಹೇಳಿದ್ದನ್ನು ನಾನು ನಂಬುತ್ತೇನೆ."

ಪೂವಮ್ಮ ಕೈಮುಗಿದರು.

"ಹಳೆಯ ಗುಹೆಗಳನ್ನು ಆಮೇಲಿನ ಜನ ಹೀಗೆ ಉಪಯೋಗಿಸುವುದು ಎಲ್ಲ ಕಡೆ ಇದೆ. ಕುರಿ ಕಟ್ಟುತ್ತಾರೆ, ಹುಲ್ಲು ತುಂಬುತ್ತಾರೆ. ನಿಮ್ಮ ಮಾವನವರು ಸಾರಾಯಿ ಇಳಿಸಿದರು. ಇದರಿಂದ ಗುಹೆಯ ಬೆಲೆ ಕಡಿಮೆ ಆಗುವುದಿಲ್ಲ, ಹೆಚ್ಚುತ್ತದೆ. ಶ್ರೀಶ, ಬರೆದುಕೊಳ್ಳಿ. ಎರಡನೆಯ ಹಂತದ ಬಳಕೆ."

"ಆ ಒಡೆದ ಮಡಕೆ ಸಾರ್?" ಎಂದರು ಶ್ರೀಶರು. "ಸತ್ತವರ ಹೆಸರಿನಲ್ಲಿ ಬೇಕೆಂದೇ ಒಡೆದದ್ದು ಅಂತ ನಾನು ಬರೆದಿದ್ದೆ."

"ಅದು ಹಾಗೆಯೇ ಇರಲಿ. ಇವರು ಒಡೆದದ್ದು ಬೇರೆ ಮಡಕೆ ಇರಬೇಕು."

ಹೀಗೆ ಸತ್ಯವೂ ದಾಖಲಾಯಿತು, ಬೇಲಿಯೂ ಉಳಿಯಿತು. ಅಬಕಾರಿಯವರಿಗೆ ಬದುಕಿರುವಷ್ಟು ಕಾಲ ಸಿಗದ ಕುಶಾಲಪ್ಪಜ್ಜ ಸತ್ತ ಮೇಲೆ ಬೀಗರ ಕೈಗೆ ಸಿಕ್ಕಿಬಿದ್ದರು, ಹೆಂಡತಿಗೆ ಕೊಟ್ಟ ಮಾತನ್ನು ಉಳಿಸಲಾಗದ ಮಗ ಶಾಲು ಹೊದ್ದು ನಿಂತಿರುವಾಗ.

ಹರಿಣಾಕ್ಷಿ ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದರು. ಅವರ ಅಣ್ಣ ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ತೆಗೆದಿದ್ದವರು ಅದನ್ನು ಹಿಂದಕ್ಕೆ ಇಟ್ಟರು. ಗೌಡರು ಪೇಟ ಕೈಯಲ್ಲಿ ಹಿಡಿದು ಕಾರಿನ ಬಳಿಗೆ ಓಡಿದರು. ಪ್ರಣೀತಾ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ನನಗಾದರೂ ಹೇಳಬಹುದಿತ್ತು ಅಪ್ಪ," ಎಂದಳು. "ಅಜ್ಜ ಎಂತ ಮಾಡ್ತಿದ್ದರು ಅಂತ ನಾನು ಅತ್ತೆಯ ಪಕ್ಕ ಕೂತು ಕೇಳಬೇಕಾಯ್ತು."

"ಅದು ಹಾಗಲ್ಲ ಮಗಳೇ. ನಾನು ಹೇಳಲಿಕ್ಕೆಂದೇ..."

"ಅಮ್ಮನಾದರೂ ಮನೆಯೊಳಗೆ ಹೇಳಬಹುದಿತ್ತು."

ಪೂವಮ್ಮ ಆಗ ಅಲ್ಲಿಗೆ ಬಂದರು. ಮಗಳ ಮಾತು ಕೇಳಿತೋ ಇಲ್ಲವೋ, ಮುಂದಿನ ಕಿಟಕಿಗೆ ಬಗ್ಗಿ, "ಅಕ್ಕ, ಕಳಿಸ್ತೀರಲ್ಲ?" ಎಂದರು.

"ನೋಡುವ," ಎಂದರು ಹರಿಣಾಕ್ಷಿ.

ನಮ್ಮ ಸೀಮೆಯಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಅಷ್ಟು ಒರಟರಲ್ಲ. ನೋಡುವ ಎನ್ನುತ್ತೇವೆ.

ಕಂಪೆನಿಯವರಿಗೆ ಕಾಯುವ ತಾಳ್ಮೆ ಇರಲಿಲ್ಲ. ಹೊಳೆಯಾಚೆ ದೂರದ ಗುಡ್ಡದಲ್ಲಿ ಟವರ್ ಎದ್ದಿತು. ಸಂಜೆ ಅದರ ತುದಿಯ ಕೆಂಪು ದೀಪದ ಬೆಳಕು ಮಾತ್ರ ಪಾರೆಯ ಮೇಲಿನ ಮೋಡದಲ್ಲಿ ಪಾರೆಮಜಲಿನ ಎಲ್ಲ ಅಂಗಳಗಳಿಗೂ ಚೆಂದವಾಗಿ ಕಾಣುತ್ತದೆ. ಆಸ್ಯಮ್ಮನ ಅಂಗಡಿಗೆ, ಆಚೆ ದಡಕ್ಕೆಲ್ಲ ಸಿಗ್ನಲ್ ಬಂತು. ಈಚೆಗೆ ಬರಲಿಲ್ಲ. ಸುಜಯ್ ಬಂದು ನೋಡಿ, "ನಿಮ್ಮ ಪಾರೆ ಅಡ್ಡ ಬರ್ತದೆ ಗೌಡ್ರೆ. ಅದನ್ನು ತೆಗೆಯುವ ಹಾಗಿಲ್ಲವಲ್ಲ," ಎಂದು ಹೇಳಿ, ಕೊಟ್ಟ ಮಜ್ಜಿಗೆ ಕುಡಿಯದೆ ಹೋದ.

ಹೆರಿಗೆಯಾದ ಸುದ್ದಿಯನ್ನು ಆದಂ ಕುಂಞಿ ತಂದ. ಅಳಿಯ ಅವನ ಫೋನಿಗೆ ಹೇಳಿದ್ದ. ಗಂಡು ಮಗು. ತಾಯಿ ಮಗು ಕ್ಷೇಮ. ಆಸ್ಪತ್ರೆಯಿಂದ ದರ್ಬೆಯ ಮನೆಗೆ ಬಂದಾಯಿತು.

ಪೂವಮ್ಮ ಎಣ್ಣೆ, ಲೇಹ, ಕರಿಮೆಣಸು, ಹಳೆಯ ಸೀರೆ ಹರಿದು ಒಗೆದು ಮಡಚಿದ ಬಟ್ಟೆ, ಕಾಲು ಕಟ್ಟಿದ ಎರಡು ಕೋಳಿ, ಇಷ್ಟನ್ನೂ ಜೀಪಿಗೆ ಹೇರಿಕೊಂಡು ಬೆಳಗ್ಗೆ ಹೊರಟರು. "ನಲ್ವತ್ತು ದಿನ ಮುಗಿಸಿಯೇ ಬರುದು," ಎಂದರು. "ಹಟ್ಟಿಯ ಕೆಲಸ ನೀವು ನೋಡಿಕೊಳ್ಳಿ." ಗೌಡರೂ ಹೊರಟಿದ್ದರು. ಪೂವಮ್ಮ ಮುಂದಿನ ಸೀಟಿನಲ್ಲಿ ಕೋಳಿಗಳನ್ನು ಇಟ್ಟುಕೊಂಡರು.

ಆ ದಿನವೇ ಸಂಜೆ ಜೀಪು ಬಂದು ನಿಂತಿತು. ಗೌಡರು ಆದಂ ಕುಂಞಿ ಒಬ್ಬನೇ ಎಂದುಕೊಂಡರು. ಪೂವಮ್ಮ ಇಳಿದರು. ಕೈಯಲ್ಲಿ ಖಾಲಿ ಚೀಲ. ಒಳಗೆ ಹೋಗದೆ ಅಂಗಳದ ಕಟ್ಟೆಯ ಮೇಲೆಯೇ ಕುಳಿತರು.

"ಎಂತ ಬಂದದ್ದು?" ಎಂದರು ಗೌಡರು.

"ಅಲ್ಲಿ ನರ್ಸ್ ಇದ್ದಾಳೆ. ಅವಳೇ ಮೀಯಿಸುದು."

"ಮಗು ಯಾರ ಹಾಗೆ ಉಂಟು?"

"ಮುಖ ಸರಿ ಕಾಣಲಿಲ್ಲ. ದೂರದಿಂದ ನೋಡಿ ಅಂದರು, ಶೀತ ಆಗ್ತದಂತೆ."

"ಊಟ ಕೊಟ್ಟರಾ?"

"ಕೊಟ್ಟರು. ಮೇಜಿನಲ್ಲಿ ಕೂರಿಸಿ ಬಡಿಸಿದರು. ಹಪ್ಪಳ, ಪಾಯಸ, ಎಲ್ಲ ಇತ್ತು." ಪೂವಮ್ಮ ಚೀಲವನ್ನು ಮಡಚಿದರು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದರು. "ಹೊರಡುವಾಗ ಬಾಗಿಲವರೆಗೆ ಬಂದು, 'ಆಗಾಗ ಬರ್ತಾ ಇರಿ' ಅಂತಲೂ ಹೇಳಿದರು."

"ಒಳ್ಳೆಯದಾಯ್ತಲ್ಲ," ಎಂದರು ಗೌಡರು. "ಹರಿಣಾಕ್ಷಿ ಅಕ್ಕ ಎಂತ ಇದ್ದರೂ ಮರ್ಯಾದೆಯ ಹೆಂಗಸು."

"ಹೇಳಿದ್ದು ಹರಿಣಾಕ್ಷಿ ಅಲ್ಲ," ಎಂದರು ಪೂವಮ್ಮ. "ಪ್ರಣೀತಾ."